ಬಂದಾಗಲೇ ಹೀಗಿತ್ತು

ವಿರಾಜಪೇಟೆಯ ಗಡಿಯಾರ ಕಂಬದಿಂದ ಕೆಳಗಿಳಿದರೆ
ಬೇಕರಿಯ ಪಕ್ಕ, ಮೂರು ಮೆಟ್ಟಿಲ ಮೇಲೆ ನನ್ನ ಅಂಗಡಿ.
ಹೊಸತು ಕೊಳ್ಳಲು ಬರುವವರ ಹೆಜ್ಜೆ ಬೇರೆ,
ವಾಪಸು ತರುವವರದು ಬೇರೆ.
ಮೂರನೇ ಮೆಟ್ಟಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರೆ,
ಡಬ್ಬಿ ಕೌಂಟರಿನ ಮೇಲಿಟ್ಟು
ಅದರಿಂದ ಅರ್ಧ ಅಡಿ ದೂರ ಸರಿಯುತ್ತಾರೆ,
ಆಮೇಲೆ ಅದೇ ಮಾತು:
ಬಂದಾಗಲೇ ಹೀಗಿತ್ತು.

ನಾನೇನೂ ಹೇಳುವುದಿಲ್ಲ. ಭೂತಗನ್ನಡಿ ತೆಗೆಯುತ್ತೇನೆ.

ಭಾಗಮಂಡಲದವರೊಬ್ಬರು ಏಪ್ರಿಲ್ ಕೊನೆಯಲ್ಲಿ
ಸಿಡಿಲಿಗೆ ಕಪ್ಪಾದ ಬೋರ್ಡು ತಂದು
ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು,
ನಮ್ಮ ಕಡೆ ಗುಡುಗೇ ಇಲ್ಲ.

ಇನ್ನೊಬ್ಬರ ಕ್ಯಾಬಿನೆಟ್ಟು ಅಲುಗಿಸಿದರೆ
ಗಲಗಲ ಉದುರಿದ್ದು ಸ್ಕ್ರೂ ಅಲ್ಲ, ಕರಿಮೆಣಸು.
ಬಿಸಿಗಾಳಿ ಸುಮ್ಮನೆ ಹೋಗುತ್ತಲ್ಲ ಎಂದು
ಮೇಲೆ ಮೊರ ಇಟ್ಟು ಒಣಗಿಸಿದ್ದರಂತೆ.
ಹಾಗಂದದ್ದು ಅವರ ಮಗಳು. ಅವರಲ್ಲ.
ಅವರು, ಕಂಪನಿಯವರೇ ಹಾಕಿ ಕಳಿಸಿದ್ದೋ ಎಂಬಂತೆ
ಮೆಣಸು ನೋಡುತ್ತ ನಿಂತಿದ್ದರು.

ರ‍್ಯಾಮನ್ನು ಸಾಬೂನು ಹಾಕಿ ತೊಳೆದವರೂ ಬಂದಿದ್ದಾರೆ.
ಬೆರಳಲ್ಲಿ ಉಜ್ಜಿದರೆ ನಿಂಬೆಯ ವಾಸನೆ.

ಎಲ್ಲವೂ ಮೈಸೂರಿಗೆ ಹೋಗುತ್ತವೆ.
ಫಾರಮ್ಮಿನಲ್ಲಿ ಒಂದು ಕಾಲಂ: ದೋಷ ಹೇಗಾಯಿತು?
ದೊಡ್ಡ ಗಿರಾಕಿಗಳಿಗಾಗಿ, ತೋಟದ ಆಫೀಸಿನವರಿಗಾಗಿ
ಅಲ್ಲಿ ನಾನೇ ಬರೆದದ್ದುಂಟು, ಅಕ್ಷರ ದುಂಡಗೆ:
ಬಂದಾಗಲೇ ಹೀಗಿತ್ತು.
ಹದಿನೈದು ದಿನಕ್ಕೆ ಅದೇ ಡಬ್ಬಿ ಮರಳುತ್ತದೆ, ಮೇಲೆ ಕೆಂಪು ಮುದ್ರೆ.
ಕೆಲವು ಸಲ ಮುದ್ರೆಯಿಲ್ಲದೆ ಹೊಸತೇ ಬರುತ್ತದೆ.
ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ.

ಸೆವ್ರಿನಾ, ಸಿದ್ದಾಪುರ ಬಸ್‌ಸ್ಟ್ಯಾಂಡಿನೆದುರು ಜೆರಾಕ್ಸ್ ಇಟ್ಟವಳು,
ಮೆಟ್ಟಿಲಲ್ಲಿ ನಿಲ್ಲಲಿಲ್ಲ, ಕೆಮ್ಮಲಿಲ್ಲ.
ಮೊಯ್ದುಕಾ, ಇದನ್ನು ನಾನೇ ಹಾಳು ಮಾಡಿದೆ, ಅಂದಳು.
ಕೂರಿಸಿದೆ. ಕೂರಲಿಲ್ಲ.
ಇನ್ನೂ ಸ್ವಲ್ಪ ಒತ್ತಿದೆ.

ಗಾಜಿನಡಿ ನೋಡಿದರೆ ಪ್ರೊಸೆಸರಿನ ಒಂದು ಮೂಲೆಯಲ್ಲಿ
ಹದಿನಾಲ್ಕು ಪಿನ್ನು ಮಲಗಿವೆ,
ರಾತ್ರಿ ಆನೆ ದಾಟಿದ ಗದ್ದೆ.

ಈಗ ಆ ಕಾಲಮ್ಮಿನಲ್ಲಿ ಏನು ಬರೆಯಲಿ?
ನಿಜ ಬರೆದರೆ ಕಂಪನಿ ಬದಲಿ ಮಾಲು ಕೊಡುವುದಿಲ್ಲ.
ಬೇರೆ ಥರ ಬರೆಯುತ್ತೇನೆ ಬಿಡು, ಅಂದೆ.
ಬೇಡ, ಅಂದಳು, ಜೋರಾಗಿಯೇನಲ್ಲ,
ಬಸ್ಸಿನ ಹೊತ್ತು ನೋಡುತ್ತಾ.
ಆಗುತ್ತಾ ನೋಡಿ. ಶುಕ್ರವಾರ ಬರ್ತೇನೆ.

ಮಗನ ಜಾಮಿಟ್ರಿ ಬಾಕ್ಸಿನ ಕ್ಲಿಕ್ ಪೆನ್ಸಿಲು, ಸೀಸ ತೆಗೆದದ್ದು.
ಅದರ ಟೊಳ್ಳು ಮೂತಿಯೊಳಗೆ ಪಿನ್ನು ಸರಿಯಾಗಿ ಹಿಡಿಸುತ್ತದೆ.
ಶಟರು ಅರ್ಧ ಎಳೆದು, ಕರೆಂಟು ಹೋದಾಗ
ಟಾರ್ಚು ಬಾಯಲ್ಲಿ ಕಚ್ಚಿ
ಒಂದೊಂದನ್ನೇ ಎಬ್ಬಿಸಿದೆ.
ಇಶಾ ನಮಾಜಿನ ಹೊತ್ತಿಗೆ ಒಂಬತ್ತು ಎದ್ದವು.
ಮರುದಿನ ನಾಲ್ಕು.
ಕೊನೆಯದು ಬಗ್ಗಿದ್ದಲ್ಲ, ಮಡಚಿದ್ದು.
ಏಳಲಿಲ್ಲ.
ಇನ್ನೂ ಸ್ವಲ್ಪ ಎತ್ತಿದೆ.

ಟಕ್ ಎಂದು ಸಹ ಅನ್ನಲಿಲ್ಲ.
ಕೌಂಟರಿನ ಮೇಲೆ ಸಾಸಿವೆ ಸಿಪ್ಪೆಯಷ್ಟು
ಚಿನ್ನದ ಬಣ್ಣ.

ಶುಕ್ರವಾರ ಜುಮ್ಮಾ ಮುಗಿಸಿ ಬೀಗ ತೆಗೆಯಲು ಬಂದರೆ
ಅವಳು ಆಗಲೇ ಬಾಗಿಲಲ್ಲಿ.
ನಾನು ಮೂರನೇ ಮೆಟ್ಟಿಲಲ್ಲಿ ನಿಂತೆ.
ಕೆಮ್ಮು ಬಂತು.
ನಾಲಿಗೆಯ ತುದಿಗೆ, ಯಾರೂ ಕರೆಯದೆ,
ಆ ಎರಡು ಪದ ಬಂದು ಕೂತಿದ್ದವು.

ಗಾಜು ಅವಳ ಕೈಗೆ ಕೊಟ್ಟೆ.
ಹದಿಮೂರು ನೀನು ಬಗ್ಗಿಸಿದ್ದು, ಎದ್ದಿವೆ.
ಒಂದು ನಾನು ಮುರಿದದ್ದು.

ಬಹಳ ಹೊತ್ತು ನೋಡಿದಳು.
ಈ ಒಂದಕ್ಕೆ ಏನು ಕೆಲಸ ಇತ್ತು, ಮೊಯ್ದುಕಾ?
ಗೊತ್ತಿಲ್ಲ. ಕೆಲವು ಲೆಕ್ಕಕ್ಕೆ ಮಾತ್ರ ಇರುತ್ತವೆ.
ಕೆಲವು ಇಲ್ಲದಿದ್ದರೆ ಏನೂ ಇಲ್ಲ.
ಹಾಕಿಯೇ ನೋಡಬೇಕು.

ಸಾಕೆಟ್ಟಿನ ಸನ್ನೆ ಎತ್ತಿದೆ. ಅವಳ ಹೆಬ್ಬೆರಳು ಮುಂದೆ ಬಂತು.
ಒತ್ತಬೇಡ, ಅಂದೆ. ಬರೀ ಇಡು.
ತನ್ನ ತೂಕಕ್ಕೆ ತಾನೇ ಕೂರುತ್ತದೆ.